ನಾಲ್ಕನೇ ಮೂಲೆಯ ಕುಚ್ಚು

ಆ ಶುಕ್ರವಾರ ಬೆಳಗ್ಗೆ ಅಜ್ಜಿ ಹುಣಸೆಬೀಜದ ಸರಿ ಕಾಯಿಸುತ್ತಿದ್ದಳು. ಬೀಜ ಹುರಿದು, ಸಿಪ್ಪೆ ಬಿಡಿಸಿ, ಬೀಸಿ, ನೀರಿಗೆ ಹಾಕಿ ಕುದಿಸಿದರೆ ಗಂಜಿಯಂಥ ಅಂಟು ಆಗುತ್ತದೆ. ಕಂಬಳಿಯ ಹಾಸಿಗೆ, ಅಂದರೆ ಮಗ್ಗದ ಉದ್ದಕ್ಕೆ ಹೂಡುವ ಎಳೆಗಳಿಗೆ, ಅದನ್ನು ಬಳಿದು ಬಿಸಿಲಿಗೆ ಒಣಗಿಸಿದರೆ ಉಣ್ಣೆ ಗಟ್ಟಿಯಾಗಿ ಮಗ್ಗದಲ್ಲಿ ಕಿತ್ತುಹೋಗುವುದಿಲ್ಲ. ಜವನಗೊಂಡನಹಳ್ಳಿಯ ನಮ್ಮ ಮನೆಯ ಗೋಡೆಯೊಳಗೂ ಆ ಸರಿಯ ವಾಸನೆ ಇಳಿದಿತ್ತು. ನಡುಮನೆಯ ಅರ್ಧ ಜಾಗ ಮಗ್ಗದ ಗುಂಡಿಯದು. ಉಳಿದ ಅರ್ಧದಲ್ಲಿ ನಾವು ಉಣ್ಣುವುದು, ಮಲಗುವುದು, ಜಗಳವಾಡುವುದು ಎಲ್ಲ. ಗುಂಡಿಯ ಪಕ್ಕದಲ್ಲಿ ಮಂಕರಿ ಕವುಚಿ ಹಾಕಿ ಅದರೊಳಗೆ ಒಂದು ಕುರಿಮರಿಯನ್ನು ಬಿಟ್ಟಿದ್ದರು. ಅದರ ತಾಯಿ ಸತ್ತಿತ್ತು. ಅಜ್ಜಿ ಬಟ್ಟೆಯನ್ನು ಹಾಲಿಗೆ ಅದ್ದಿ ಚೀಪಿಸಿ ಅದನ್ನು ಉಳಿಸಿಕೊಂಡಿದ್ದಳು. ಅವ್ವ ಒಲೆಯ ಮುಂದಿದ್ದಳು. ಅಪ್ಪ ಹಿರಿಯೂರಿನ ಎಣ್ಣೆ ಮಿಲ್ಲಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಹೆದ್ದಾರಿಯಲ್ಲಿ ಬಸ್ಸಿನ ಹಾರನ್ ಕೇಳಿದರೂ ಅವನು ಎಂದೂ ಓಡುತ್ತಿರಲಿಲ್ಲ. ಮುಂದಿನ ಬಸ್ಸು ಬಂದೇ ಬರುತ್ತದೆ ಎನ್ನುತ್ತಿದ್ದ. ಅಜ್ಜಿ ಒಲೆಯ ಕಡೆಯಿಂದಲೇ ಕೂಗಿದಳು.

"ಅಳಿಯಂದಿರೇ, ನಿಮ್ಮ ಪೂಜೆ ಶಾಲಿನ ಹೊಸ ಕುಚ್ಚು ಜೋಲು ಬಿದ್ದೈತೆ. ಒಂದೀಟು ಸರಿ ತಾಕಿಸಿ ಬಿಸಿಲಿಗೆ ಹಾಕ್ತೀನಿ. ಗಟ್ಟಿ ನಿಲ್ತೈತೆ."

"ಹಾಕ್ರಿ ಅತ್ತಿ. ನಿಮ್ಮ ಕೈಯಾಗ ಕೊಟ್ಟ ಮ್ಯಾಲೆ ನಾ ಯಾರು ಕೇಳಾಂವ?"

ಅಷ್ಟೇ ಮಾತು. ಅವನು ಹೋದ. ಇದು ಬಹಳ ವರ್ಷಗಳ ಹಿಂದಿನ ಮಾತು. ಈಗ ಅವ್ವ ಸತ್ತು ಇನ್ನೂ ವರ್ಷ ತುಂಬಿಲ್ಲ. ಅವಳು ಹೋದ ಮೇಲೆ ನನಗೆ ಮತ್ತೆ ಮತ್ತೆ ನೆನಪಾಗುತ್ತಿರುವುದು ಅವಳ ಕೊನೆಯ ದಿನಗಳಲ್ಲ, ಈ ಶುಕ್ರವಾರ. ಆಗ ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ನಮ್ಮ ಮನೆ ಎಲ್ಲರ ಮನೆಯಂತೆಯೇ ಇದ್ದ ಕೊನೆಯ ದಿನ ಅದು ಎಂದು ಈಗ ಅನ್ನಿಸುತ್ತದೆ. ಎಲ್ಲರ ಮನೆಯಂತೆ ಅದು ಎಂದೂ ಇರಲಿಲ್ಲ ಎನ್ನುವುದೂ ಅಷ್ಟೇ ನಿಜ.

ನನ್ನ ಅವ್ವ ಈರಮ್ಮ ಕಂಬಳಿ ನೇಯುವ ಕುರುಬರ ಮನೆಯ ಒಬ್ಬಳೇ ಮಗಳು. ಅಪ್ಪ ಬೆಳಗಾವಿಯವನು, ಯಹೂದಿ. ಹೆಸರು ಐಸಾಕ್. ಊರಿನವರು ಈಸಣ್ಣ ಅಂದರು, ಅವನು ಅದನ್ನೇ ಇಟ್ಟುಕೊಂಡ. ಹಿರಿಯೂರಿನ ಮಿಲ್ಲಿಗೆ ಹೊಸ ಯಂತ್ರ ಕೂರಿಸಲು ಬಂದವನು ಅದು ಕೆಟ್ಟಾಗಲೆಲ್ಲ ಬರಬೇಕಾಯಿತು. ಬಂದು ಬಂದು ಇಲ್ಲೇ ಉಳಿದ. ಧರ್ಮಪುರದ ಕಡೆಯಿಂದ ಬರುವ ಕಡ್ಲೆಕಾಯಿಯನ್ನು ಕೈಯಲ್ಲಿ ಹಿಡಿದು ಎಷ್ಟು ಎಣ್ಣೆ ಬಿಟ್ಟೀತು ಎಂದು ಹೇಳುತ್ತಿದ್ದನಂತೆ. ಅವನ ಹಿರಿಯರು ಕೊಂಕಣದ ಸಮುದ್ರದ ದಂಡೆಯಲ್ಲಿ ಗಾಣ ಹೂಡುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ ಶನಿವಾರದ ಗಾಣಿಗರು ಎಂದೇ ಹೆಸರಿತ್ತು. ಅಪ್ಪನೂ ಶನಿವಾರ ಕೆಲಸ ಮುಟ್ಟುತ್ತಿರಲಿಲ್ಲ. ಭಾನುವಾರ ಮಿಲ್ಲಿನಲ್ಲಿ ಒಬ್ಬನೇ ಕೂತು ಯಂತ್ರಕ್ಕೆ ಎಣ್ಣೆ ಬಿಟ್ಟು ಬರುತ್ತಿದ್ದ. ಊರಿನವರು ಮೊದಲು ಅವನನ್ನು ಸಾಬರವನು ಅಂದುಕೊಂಡರು, ಆಮೇಲೆ ಕ್ರೈಸ್ತ ಅಂದುಕೊಂಡರು. ಅವನು ಎರಡಕ್ಕೂ ತಲೆಯಾಡಿಸಿ ಇಲ್ಲ ಎನ್ನುತ್ತಿದ್ದ. ಒಮ್ಮೆ ಕಟ್ಟೆಯ ಮೇಲೆ ಯಾರೋ ಕೇಳಿದರು.

"ಅದೂ ಅಲ್ಲ, ಇದೂ ಅಲ್ಲ. ಮತ್ತೇನಪ್ಪ ನೀನು?"

ಅದಕ್ಕೆ ಉತ್ತರ ಕೊಟ್ಟವಳು ಉಣ್ಣೆಯ ಗಂಟು ಹೊತ್ತು ಆ ದಾರಿಯಲ್ಲಿ ಬರುತ್ತಿದ್ದ ಅಜ್ಜಿ.

"ಉಣ್ಣೆ ಹೊದ್ಕಂಡು ದೇವ್ರಿಗೆ ಕೈ ಮುಗೀತಾನೆ. ಇನ್ನೇನು ಬೇಕು ನಿಮಗೆ? ನೀವು ಏನ್ ಹೊದ್ಕಂತೀರಿ, ಹೇಳ್ರಿ ನೋಡಾಣ."

ಮನೆಯೊಳಗೆ ಮಾತ್ರ ಅಜ್ಜಿ ಅಪ್ಪನನ್ನು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಜಗಳವೆಲ್ಲ ಊಟದಲ್ಲಿ. ಅಪ್ಪ ಬಾಡಿನ ಸಾರು ಉಂಡ ದಿನ ಮಜ್ಜಿಗೆ ಮುಟ್ಟುತ್ತಿರಲಿಲ್ಲ. ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಕೂಡಬಾರದು ಎನ್ನುವುದು ಅವರ ಕಟ್ಟಳೆ. ಕುರಿ ಕಾಯುವವರ ಮನೆಯಲ್ಲಿ ಬಾಡಿನ ಮುದ್ದೆಯ ಮೇಲೆ ಒಂದು ಲೋಟ ಮಜ್ಜಿಗೆ ಬೀಳದಿದ್ದರೆ ಊಟ ಮುಗಿದ ಹಾಗೆಯೇ ಅಲ್ಲ. ಅಜ್ಜಿ ಪ್ರತಿ ಸಲವೂ ಲೋಟ ತಂದು ಅವನ ಮುಂದೆ ಇಡುವಳು. ಅವನು ಪ್ರತಿ ಸಲವೂ ಅದನ್ನು ನನ್ನ ಕಡೆ ಸರಿಸುವನು. ಕುರಿಯೇ ಕೊಟ್ಟ ಹಾಲು, ಕುರಿಯದೇ ಬಾಡು, ಹೊಟ್ಟೆಯೊಳಗೆ ತಾಯಿ ಮಗು ಬೇರೆ ಬೇರೆ ಕೂರುತ್ತವಾ ಎಂದು ಅಜ್ಜಿ ಕೇಳಿದರೆ, "ಅದಕ್ಕ ಅತ್ತಿ, ಅದಕ್ಕ" ಎಂದು ಅಪ್ಪ ನಗುತ್ತಿದ್ದ. ಅವನು ಯಾವುದಕ್ಕೆ ಹೌದು ಅಂದ ಎಂದು ಅಜ್ಜಿಗೆ ತಿಳಿಯುತ್ತಿರಲಿಲ್ಲ. ನನಗೂ ತಿಳಿಯುತ್ತಿರಲಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮೊದಲು ಅವ್ವ ಎರಡು ದೀಪ ಹಚ್ಚಿ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಸೋಮವಾರ ಅದೇ ಕೈಯಿಂದ ಬೀರಪ್ಪನಿಗೆ ಊದುಬತ್ತಿ. ಅಪ್ಪ ಏನಾದರೂ ಒಳ್ಳೆಯದಾದರೆ ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಹಣ್ಣು ಕಲಸಿ ಮಲಿದ ಮಾಡಿ ಯಾರೋ ಪ್ರವಾದಿಯ ಹೆಸರು ಹೇಳಿ ಹಂಚುತ್ತಿದ್ದ. ನನ್ನ ಗೆಳತಿಯರು ನೀವು ಯಾವ ದೇವರ ಒಕ್ಕಲು ಎಂದು ಕೇಳಿದರೆ, ನಾನು ಆ ದಿನದ ಪ್ರಸಾದ ಯಾವುದೋ ಆ ದೇವರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಗೊಂದಲದ ನಡುವೆ ನನಗೆ ಸ್ಪಷ್ಟವಾಗಿದ್ದ ವಸ್ತು ಒಂದೇ, ಅಪ್ಪನ ಆ ಶಾಲು. ಪುಸ್ತಕಗಳಲ್ಲಿ ಅದನ್ನು ತಲ್ಲಿತ್ ಎಂದು ಬರೆಯುತ್ತಾರೆ. ಅಪ್ಪನ ಜನ ಸಿಸಿತ್ ಅನ್ನುತ್ತಿದ್ದರು. ಹೆಸರು ಕುಚ್ಚಿನದು, ಬಟ್ಟೆಗೂ ಅದೇ ನಿಂತಿತ್ತು. ಹಾಲಿನ ಕೆನೆಯ ಬಣ್ಣದ ಉಣ್ಣೆ, ಎರಡೂ ತುದಿಯಲ್ಲಿ ಕರಿಯ ಪಟ್ಟೆ. ಪಟ್ಟೆ ಕಂಡು ಅಜ್ಜಿ ಇದನ್ನು ನೇಯ್ದವರು ನಮ್ಮವರೇ ಇರಬೇಕು ಎಂದು ಬಹಳ ದಿನ ವಾದಿಸಿದ್ದಳು. ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು. ಒಂದೊಂದು ತೂತಿನಲ್ಲೂ ನಾಲ್ಕು ಎಳೆ ತೂರಿಸಿ ಮಡಿಚಿ ಗಂಟು ಹಾಕಿದರೆ ಎಂಟು ತುದಿ ಇಳಿಬೀಳುತ್ತವೆ. ಎಳೆಗಳಲ್ಲಿ ಒಂದು ಮಾತ್ರ ಉದ್ದ. ಅದು ಉಳಿದವುಗಳ ಸುತ್ತ ಸುತ್ತುತ್ತಾ, ನಡುನಡುವೆ ಗಂಟಾಗುತ್ತಾ ಇಳಿಯುತ್ತದೆ. ಬೆಳಗ್ಗೆ ಅಪ್ಪ ಶಾಲನ್ನು ಎರಡೂ ಕೈಯಲ್ಲಿ ಹಿಡಿದು ಮಂತ್ರ ಹೇಳಿ ಮೊದಲು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತು ಅವನ ಮುಖ ಕಾಣುತ್ತಿರಲಿಲ್ಲ. ಆಮೇಲೆ ಹೆಗಲಿಗೆ ಇಳಿಸುತ್ತಿದ್ದ. ಅವರ ದೊಡ್ಡ ಪ್ರಾರ್ಥನೆ 'ಕೇಳು' ಎಂಬ ಮಾತಿನಿಂದ ಶುರುವಾಗುತ್ತದೆ. ಆ ಹೊತ್ತಿಗೆ ನಾಲ್ಕೂ ಕುಚ್ಚುಗಳನ್ನು ಎಡಗೈಯಲ್ಲಿ ಕೂಡಿಸಿ ಹಿಡಿದು, ಮುಂದೆ ಕುಚ್ಚಿನ ಮಾತು ಬಂದಾಗಲೆಲ್ಲ ತುಟಿಗೆ ಒತ್ತಿಕೊಳ್ಳುತ್ತಿದ್ದ. ನನಗೂ ಮುತ್ತಿಡಲು ಕೊಡುತ್ತಿದ್ದ. ಕುಚ್ಚು ಯಾಕೆ ಎಂದು ನಾನು ಕೇಳಿದ್ದೆ.

"ಮರೀಬಾರದು ಅಂತ. ಸಂತಿಗೆ ಹೋಗೂ ಮುಂದ ಅವ್ವ ಸೆರಗಿನ ತುದಿಗೆ ಗಂಟು ಹಾಕ್ಕೋತಾಳಲ್ಲ, ಏನರ ತರೂದು ನೆನಪಿರಲಿ ಅಂತ? ಹಂಗ. ನಾಕೂ ದಿಕ್ಕಿಗೆ ಹೊಳ್ಳಿದ್ರೂ ಒಂದು ಗಂಟು ಕಣ್ಣಿಗೆ ಬೀಳಬೇಕು."

"ಏನ್ ನೆನಪಿರಬೇಕು?"

"ಹೇಳಿದ್ದು ಎಲ್ಲಾ."

ಎಲ್ಲಾ ಅಂದರೆ ಏನು ಎಂದು ನಾನು ಕೇಳಲಿಲ್ಲ. ಅಜ್ಜಿ ಕೇಳಿದ್ದು ಬಣ್ಣದ ವಿಚಾರ. ಹಿಂದಿನ ಕಾಲದಲ್ಲಿ ಎಳೆಗಳಲ್ಲಿ ಒಂದು ನೀಲಿ ಇರಬೇಕಿತ್ತು, ಅದನ್ನು ಯಾವುದೋ ಸಮುದ್ರದ ಹುಳುವಿನಿಂದ ತೆಗೆಯುತ್ತಿದ್ದರು, ಆ ಹುಳು ಯಾವುದು ಎನ್ನುವುದೇ ಮರೆತುಹೋಗಿ ಎಲ್ಲ ಬಿಳಿಯಾಯಿತು ಎಂದು ಅಪ್ಪ ಹೇಳಿದ್ದ. ಅಜ್ಜಿ ಕೂಡಲೇ ನೀಲಿ ನಾನು ಹಾಕಿಕೊಡುತ್ತೇನೆ, ಹಿರಿಯೂರಿನ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತದೆ ಅಂದಳು. ಬೇಡ ಅತ್ತಿ ಎಂದ ಅಪ್ಪ. ಕಳೆದುಹೋದದ್ದರ ಜಾಗಕ್ಕೆ ಅದರಂಥದ್ದನ್ನು ತಂದು ಹಾಕಬಾರದು, ಇಲ್ಲ ಅಂತ ಬಿಳಿಯಾಗಿಯೇ ಬಿಡಬೇಕು ಅಂದ. ಉಣ್ಣೆಯ ಜೊತೆ ಅಗಸೆ ನಾರನ್ನು ಸೇರಿಸಿ ನೇಯಬಾರದು, ಹೊಲಿಯಬಾರದು ಎಂದೂ ಹೇಳಿದ್ದ. ಅದಕ್ಕೆ ಮಾತ್ರ ಅಜ್ಜಿ ಬಿದ್ದು ಬಿದ್ದು ನಕ್ಕಳು. ಅಗಸೆಯಲ್ಲಿ ಎಣ್ಣೆ ಬರುವುದು ಗೊತ್ತು, ಚಟ್ನಿ ಗೊತ್ತು, ಬಟ್ಟೆಯನ್ನು ಯಾರು ಕಂಡಿದ್ದಾರೆ? "ನಿಮ್ಮ ದೇವ್ರು ಇಲ್ಲದ್ದನ್ನೇ ಬ್ಯಾಡ ಅಂತಾನಲ್ಲ, ಪಾಪ, ಬಲು ಒಳ್ಳೇನು" ಎಂದಳು.

ಆ ವಾರ ಒಂದು ಮೂಲೆಯ ಕುಚ್ಚು ಸವೆದು ಎಳೆಗಳು ಕಿತ್ತುಬಂದಿದ್ದವು. ಬೆಳಗಾವಿಯಿಂದ ದಾರ ತರಿಸಬೇಕು ಎಂದು ಅಪ್ಪ ಹೇಳುತ್ತಿದ್ದ. ಅಜ್ಜಿಗೆ ಅದು ಅವಮಾನದಂತೆ ಕಂಡಿತು. ಮನೆ ತುಂಬ ಉಣ್ಣೆ ಇಟ್ಟುಕೊಂಡು ಬೆಳಗಾವಿಯಿಂದ ಎಳೆ ತರಿಸುವುದೇ? ಈ ದಾರವನ್ನು ಹೇಗೆಂದರೆ ಹಾಗೆ ನೂಲುವಂತಿಲ್ಲ, ನೂಲಲು ಕೂರುವಾಗಲೇ ಇದು ಕುಚ್ಚಿಗೇ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ನೂಲಬೇಕು ಎಂದು ಅಪ್ಪ ವಿವರಿಸಿದ. ಅಜ್ಜಿ ಅವನನ್ನು ಕರುಣೆಯಿಂದ ನೋಡಿದಳು. ಬೀರಪ್ಪನಿಗೆ ಹಾಸುವ ಕಂಬಳಿಗೆ ಅವಳು ತಲೆಗೆ ನೀರು ಹಾಕಿಕೊಂಡು, ಉಪವಾಸವಿದ್ದು, ಯಾರ ಜೊತೆಗೂ ಮಾತಾಡದೆ ನೂಲುತ್ತಿದ್ದಳು. ಇದನ್ನೂ ಹಾಗೆಯೇ ನೂತಳು. ಬಿಳಿ ಕುರಿಯ ಕತ್ತಿನ ಉಣ್ಣೆ, ಸಣ್ಣ ಎಳೆ. ನಮ್ಮ ದೊಡ್ಡವರು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಅಪ್ಪ ಅನುಮಾನಿಸುತ್ತಲೇ ಗುರುವಾರ ಸಂಜೆ ಜಗಲಿಯಲ್ಲಿ ಕೂತು ಕುಚ್ಚು ಕಟ್ಟಿದ. ಕಟ್ಟುವಾಗ ಅವ್ವ ಎಳೆ ಹಿಡಿದುಕೊಳ್ಳಲು ಹೋದಳು. ಅವನು ಮೆಲ್ಲಗೆ ಬಿಡಿಸಿಕೊಂಡು, ಕಟ್ಟುವುದು ಮಾತ್ರ ನಾನೇ ಕಟ್ಟಬೇಕು ಎಂದ. ಅವ್ವ ಆ ಮಾತನ್ನು ನೆನಪಿಟ್ಟುಕೊಂಡಳು. ಅವನು ಹೇಳಿದ್ದನ್ನೆಲ್ಲ ಅವಳು ನೆನಪಿಟ್ಟುಕೊಳ್ಳುತ್ತಿದ್ದಳು. ಅವಳ ಕಷ್ಟ ಅದೇ ಆಯಿತು.

ಶುಕ್ರವಾರ ಅಜ್ಜಿ ಹೊಸ ಕುಚ್ಚನ್ನು ಸರಿಯಲ್ಲಿ ಅದ್ದಿ, ಶಾಲನ್ನು ಜಗಲಿಯ ಹಗ್ಗದ ಮೇಲೆ ಹಾಕಿ, ಆ ಮೂಲೆ ಬಿಸಿಲಿಗೆ ಬರುವಂತೆ ಇಳಿಬಿಟ್ಟಳು. ಶಾಲೆಯಿಂದ ನಾನು ಬರುವ ಹೊತ್ತಿಗೆ ಕುಚ್ಚು ಒಣಗಿ ಈಚಲು ಕಡ್ಡಿಯ ಹಾಗೆ ಸೆಟೆದು ನಿಂತಿತ್ತು. ಬೆರಳಿನಿಂದ ಮೀಟಿದರೆ ಟಕ್ ಎನ್ನುತ್ತಿತ್ತು. ಅಜ್ಜಿ ನನ್ನನ್ನು ಕರೆದು ತೋರಿಸಿ ಹೆಮ್ಮೆಪಟ್ಟು ಒಳಗೆ ಹೋದಳು. ಮರಿ ಮಂಕರಿಯ ಕೆಳಗಿನಿಂದ ಯಾವಾಗ ನುಸುಳಿತೋ ಯಾರೂ ನೋಡಲಿಲ್ಲ. ಹುಣಸೆಬೀಜದ ಗಂಜಿ ಕುರಿಮರಿಗೆ ಸಿಹಿತಿಂಡಿ ಇದ್ದ ಹಾಗೆ. ನೇಯುವವರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಸು ಒಣಗಿಸುವಾಗ ಕೋಲು ಹಿಡಿದು ಕಾಯುತ್ತಾರೆ. ಆದರೆ ಇದು ಹಾಸಲ್ಲ, ದೇವರದ್ದು ಎನ್ನುವ ಧೈರ್ಯದಿಂದ ಅಜ್ಜಿ ಕಾಯಲಿಲ್ಲ. ಅವ್ವ ಕಸ ಗುಡಿಸಲು ಹೊರಗೆ ಬಂದಾಗ ಮರಿ ಹಿಂಗಾಲು ಊರಿ ನಿಂತು ಕೊನೆಯ ಗಂಟನ್ನು ಅಗಿಯುತ್ತಿತ್ತು. ಮೂಲೆಯ ತೂತಿನಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ.

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಅವ್ವಾ, ನಿನ್ನ ಮರಿ ಅವರ ದೇವ್ರನ್ನೇ ತಿಂತು!"

ಅಪ್ಪ ಹೊತ್ತು ಮುಳುಗುವ ಮೊದಲು ಬಂದ. ಸ್ನಾನ ಮಾಡಿ ಬರುವವರೆಗೂ ಇಬ್ಬರೂ ಅವನಿಗೆ ಹೇಳಲಿಲ್ಲ. ಹೇಳಿದಾಗ ಅವನು ಮೊದಲು ಮೂಲೆ ನೋಡಿದ, ಆಮೇಲೆ ಮರಿಯನ್ನು ನೋಡಿದ. ಮತ್ತೆ ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಅಜ್ಜಿಗೆ ನಗು ಬರಲಿಲ್ಲ. ಅವಳು ಇನ್ನೂ ಎಳೆ ಇದೆ, ಈಗಲೇ ಕಟ್ಟಿಕೊಳ್ಳಿ ಎಂದು ಕದಿರನ್ನು ತಂದು ಮುಂದೆ ಹಿಡಿದಳು.

"ದೀಪ ಹಚ್ಚೂ ಹೊತ್ತಾತು ಅತ್ತಿ. ಇನ್ನ ನಾಳೆ ಹೊತ್ತು ಮುಳುಗೂತನಕ ಗಂಟು ಹಾಕೂ ಹಂಗಿಲ್ಲ. ಐತವಾರ ಕಟ್ತೀನಿ ಬಿಡ್ರಿ."

"ಹಂಗಾರೆ ನಾಳೆ ಇದ್ನೇ ಹೊದ್ಕಳ್ರಿ. ಮೂರು ಅವೆಯಲ್ಲ."

"ಮೂರಿದ್ರ ಹೊದೀಬಾರದು. ನಾಕೂ ಇದ್ರನ ಅದು ಸಿಸಿತ್. ಒಂದು ಹೋದ್ರ ಬರೇ ಅರಿವಿ."

ಶನಿವಾರ ಬೆಳಗ್ಗೆ ಅಪ್ಪ ಬರಿಯ ಅಂಗಿಯಲ್ಲಿ ನಿಂತು ಪ್ರಾರ್ಥನೆ ಮಾಡಿದ. 'ಕೇಳು' ಎನ್ನುವ ಜಾಗದಲ್ಲಿ ಅವನ ಎಡಗೈ ತಾನಾಗಿ ಮೂಲೆಗಳನ್ನು ಹುಡುಕಿ ಹೋಗಿ, ಏನೂ ಸಿಗದೆ ಎದೆಯ ಮೇಲೆ ನಿಂತಿತು. ನಾನು ಅದನ್ನು ನೋಡಿದೆ. ಮಧ್ಯಾಹ್ನ ಉಂಡು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಅವ್ವ ನೀರು ಕೊಡಲು ಹೋದಾಗ ಲೋಟ ಹಿಡಿಯಲಿಲ್ಲ. ನಿದ್ದೆ ಮಾಡುತ್ತಿದ್ದಾನೆ ಎಂದು ಅವಳು ಲೋಟವನ್ನು ಪಕ್ಕದಲ್ಲಿಟ್ಟು ಒಳಗೆ ಬಂದಳು. ಎರಡನೇ ಸಲ ಹೋದಾಗ ಕೂಗಿಕೊಂಡಳು.

ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು ಎಂದು ಊರಿನ ಹಿರಿಯರು ಅಂದರು. ನಮ್ಮಲ್ಲೂ ಹೂಳುವುದೇ, ಅಪ್ಪನ ಕಡೆಯೂ ಹೂಳುವುದೇ. ಆ ವಿಷಯದಲ್ಲಿ ಯಾರಿಗೂ ಗೊಂದಲ ಇರಲಿಲ್ಲ. ಅವ್ವ ಮಾತ್ರ ಹೆಣದ ಪಕ್ಕದಿಂದ ಏಳದೆ ಹೇಳಿದಳು.

"ಇವತ್ತು ಶನಿವಾರ. ಇವತ್ತು ಅವ್ರು ಎಲ್ಲಿಗೂ ಹೋಗಲ್ಲ. ನಾಳೆ ಹೋಗ್ತಾರೆ."

ಹಿರಿಯರು ನಾಳೆಗೆ ಒಪ್ಪಿದರು. ಮಿಲ್ಲಿನ ಫೋನಿನಿಂದ ಬೆಳಗಾವಿಯ ದೊಡ್ಡಪ್ಪನಿಗೆ ಸುದ್ದಿ ಮುಟ್ಟಿಸಿದರು. ಭಾನುವಾರ ಬೆಳಗ್ಗೆ ಮೈ ತೊಳೆದು ಬಿಳಿ ಬಟ್ಟೆ ಸುತ್ತಿದರು. ನೆರೆದವರಲ್ಲಿ ಯಾರೋ ಅವನ ಪೂಜೆ ಶಾಲನ್ನು ಹೊದಿಸಿರಮ್ಮ ಎಂದರು. ಅಜ್ಜಿ ಎದ್ದು ಪೆಟ್ಟಿಗೆಯ ಕಡೆ ಹೋದಳು. ಅವ್ವ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ಬ್ಯಾಡವ್ವ. ಮೂರೇ ಐತೆ. ಮೂರಿದ್ರೆ ಹೊದೀಬಾರ್ದು ಅಂದಿದ್ರು."

"ನಾನು ನಾಕನೇದು ಕಟ್ಟಲೇನೇ? ಎಳೆ ಐತೆ."

"ನೀನು ಕಟ್ಟಿದ್ದು ಆಗಲ್ಲ. ಅವ್ರೇ ಕಟ್ಟಬೇಕು."

ಅವರೇ ಅಲ್ಲಿ ಮಲಗಿದ್ದರು. ಸ್ವಲ್ಪ ಹೊತ್ತು ಎಲ್ಲರೂ ಅವನ ಕಡೆ ನೋಡಿದರು, ಎದ್ದು ಕಟ್ಟಿಯಾನು ಎಂಬಂತೆ. ಆಮೇಲೆ ಅಜ್ಜಿ ಬೀರಪ್ಪನಿಗೆಂದು ಉಪವಾಸವಿದ್ದು ನೇಯ್ದಿಟ್ಟಿದ್ದ ಹೊಸ ಕಂಬಳಿಯನ್ನು ತಂದಳು. ನಮ್ಮ ಜನಕ್ಕೆ ಅದಕ್ಕಿಂತ ಮಡಿಯಾದ ಬಟ್ಟೆ ಬೇರೆ ಇಲ್ಲ. ಅದನ್ನೇ ಹೊದಿಸಿ ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ದೊಡ್ಡಪ್ಪ ಸಂಜೆ ಬಸ್ಸಿಳಿದು ಬಂದ. ಅಪ್ಪನಿಗಿಂತ ಎತ್ತರ, ಅದೇ ಮೂಗು. ಬಾಗಿಲಲ್ಲಿ ನಿಂತು ಅಂಗಿಯ ಕೊರಳಪಟ್ಟಿ ಹಿಡಿದು ಎದೆಯವರೆಗೆ ಹರಿದುಕೊಂಡ. ಅಜ್ಜಿ ಗಾಬರಿಯಾಗಿ ಸೂಜಿದಾರ ತಂದಳು. ಈಗ ಹೊಲಿಯಬಾರದು, ಇದು ಹರಿದೇ ಇರಬೇಕು ಎಂದ. ಹರಿದ ಬಟ್ಟೆಯನ್ನು ಕಂಡೂ ಸುಮ್ಮನೆ ಕೂರುವುದು ಅಜ್ಜಿಗೆ ಎಷ್ಟು ಕಷ್ಟವಾಯಿತೆಂದರೆ ಅವಳು ಆ ಸೂಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ನೀರು ಕುಡಿದು ದೊಡ್ಡಪ್ಪ ಮೊದಲು ಕೇಳಿದ್ದು ಅವನ ಸಿಸಿತ್ ಹೊದಿಸಿದಿರಾ ಎಂದು. ಅವ್ವ ನಡೆದದ್ದನ್ನೆಲ್ಲ ಹೇಳಿದಳು. ಮರಿ, ಸರಿ, ಮೂರು ಕುಚ್ಚು, ಅಪ್ಪ ಆಡಿದ ಮಾತು, ಒಂದೂ ಬಿಡದೆ. ಸರಿಯಾಗಿ ನಡೆದುಕೊಂಡೆ ಎಂದು ಅವಳಿಗೆ ಒಳಗೊಳಗೆ ಸಮಾಧಾನವಿತ್ತು. ಪೆಟ್ಟಿಗೆಯಿಂದ ಶಾಲು ತಂದು ಅವನ ತೊಡೆಯ ಮೇಲಿಟ್ಟಳು. ದೊಡ್ಡಪ್ಪ ಒಂದೊಂದೇ ಮೂಲೆಯನ್ನು ಮುಟ್ಟುತ್ತಾ ಹೋಗಿ ಖಾಲಿ ತೂತಿನ ಹತ್ತಿರ ನಿಂತ.

"ತಂಗಿ, ಇದನ್ನ ಹೊದಿಸಬೇಕಿತ್ತು."

"ಮೂರೇ ಐತಲ್ಲ ಭಾವ."

"ಸತ್ತವ್ರಿಗೆ ಹೊದಿಸೂ ಮುಂದ ಒಂದು ಮೂಲ್ಯಾಗಿಂದು ನಾವ ಕತ್ತರಿಸಿ ತಗೀತೀವಿ. ಇನ್ನ ಅವಗ ಕಟ್ಟಳೆ ಇಲ್ಲ, ನೆನಪಿಡೂದೂ ಇಲ್ಲ ಅಂತ. ಇದ್ದವ್ರಿಗೆ ನಾಕು. ಹೋದವ್ರಿಗೆ ಮೂರು. ನಾ ಬಂದು ಕತ್ತರಿಸಬೇಕಿತ್ತು. ಅದು ಮೊದಲ ಆಗೇತಿ."

ಮರಿ ಮಂಕರಿಯೊಳಗೆ ಕಾಲು ಬಡಿಯುತ್ತಿತ್ತು. ಅಜ್ಜಿ ಅದರ ಕಡೆ ಬಹಳ ಹೊತ್ತು ನೋಡಿ, ಕೈ ಮುಗಿದು, ಯಾರಿಗೂ ಅಲ್ಲದಂತೆ ಹೇಳಿದಳು.

"ಮರಿಗೆ ಗೊತ್ತಿತ್ತು."

ಅವ್ವ ಎದ್ದು ನಿಂತಳು. ಅಪ್ಪ ಹೋದಾಗಿನಿಂದ ಅವಳು ಅಷ್ಟು ಜೋರಾಗಿ ಮಾತಾಡಿರಲಿಲ್ಲ.

"ಮರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಬಾಳುವೆ ಮಾಡಿದೋಳು ನಾನು, ಮರಿಯಲ್ಲ."

ಮಣ್ಣು ತೆಗೆದು ಈಗ ಹೊದಿಸಬಹುದೇ ಎಂದು ಆಮೇಲೆ ಕೇಳಿದಳು. ಮಣ್ಣು ಕೊಟ್ಟ ಮೇಲೆ ತೆಗೆಯಬಾರದು ಎಂದ ದೊಡ್ಡಪ್ಪ. ಪಕ್ಕದಲ್ಲಿ ಹೂಳಬಹುದು, ಆದರೆ ಅದು ಹೊದಿಸಿದ ಹಾಗಾಗುವುದಿಲ್ಲ. ಇಲ್ಲದಿದ್ದರೆ ನಾಲ್ಕನೆಯದನ್ನು ನಾನು ಕಟ್ಟಿಕೊಡುತ್ತೇನೆ, ಹೊದೆಯುವವರು ಯಾರಾದರೂ ಹೊದೆಯಲಿ ಎಂದ. ಮನೆಯಲ್ಲಿ ಹೊದೆಯುವ ಗಂಡಸು ಯಾರೂ ಇರಲಿಲ್ಲ. ಬೆಳಗಾವಿಗೆ ಒಯ್ಯುತ್ತೇನೆ ಎಂದಾಗ ಅವ್ವ ಕೊಡಲಿಲ್ಲ. ಹೊರಡುವ ದಿನ ಅವನು ಅಜ್ಜಿಯ ಇನ್ನೊಂದು ಕಂಬಳಿಯನ್ನು ಕೈಯಲ್ಲಿ ತಿಕ್ಕಿ ನೋಡಿ, ಅವನಿಗೆ ಹೊದಿಸಿದ್ದೂ ಹೀಗೇ ಬರೀ ಉಣ್ಣೆ ತಾನೇ, ಅಗಸೆ ಇಲ್ಲವಲ್ಲ ಎಂದು ಕೇಳಿದ. ಇಲ್ಲ ಎಂದು ಅಜ್ಜಿ ಆಣೆ ಮಾಡಿದಳು. ಹಾಗಾದರೆ ಪರವಾಗಿಲ್ಲ ಎಂದ. ಅವ್ವನನ್ನು ಸಮಾಧಾನ ಮಾಡಲು ಅಂದನೋ, ಅದು ನಿಜವಾಗಿಯೂ ಪರವಾಗಿಲ್ಲವೋ ನನಗೆ ಇಂದಿಗೂ ತಿಳಿಯದು.

ಆ ಮರಿಯನ್ನು ಅಜ್ಜಿ ಮಾರಲೂ ಇಲ್ಲ, ಕಡಿಯಲೂ ಬಿಡಲಿಲ್ಲ. ಅದು ದೊಡ್ಡ ಕುರಿಯಾಗಿ ಜಗಲಿಯಲ್ಲೇ ಮಲಗಿ ಮುದಿಯಾಯಿತು. ಅಜ್ಜಿ ಅದನ್ನು ದೇವರು ಕಳಿಸಿದ್ದು ಎಂದು ನಂಬಿಕೊಂಡು ನೆಮ್ಮದಿಯಾಗಿ ಸತ್ತಳು. ಅವ್ವ ಅದಕ್ಕೆ ಹುಲ್ಲು ಹಾಕುತ್ತಿದ್ದಳು, ನೀರು ಇಡುತ್ತಿದ್ದಳು, ಮೈ ಮಾತ್ರ ಮುಟ್ಟುತ್ತಿರಲಿಲ್ಲ. ನಾನು ಅವರಿಬ್ಬರ ನಡುವೆ ಬೆಳೆದೆ. ಒಂದು ದಿನ ಕುರಿಗೆ ಕೈ ಮುಗಿಯುತ್ತಿದ್ದೆ, ಇನ್ನೊಂದು ದಿನ ಅದರ ಮೇಲೆ ಕಲ್ಲು ಎಸೆಯುತ್ತಿದ್ದೆ. ಯಾರಾದರೂ ಏನನ್ನಾದರೂ ಖಚಿತವಾಗಿ ಹೇಳಿದರೆ, ಇದು ಇದ್ದವರಿಗೋ ಹೋದವರಿಗೋ ಎಂದು ಮನಸ್ಸಿನಲ್ಲಿ ಕೇಳಿಕೊಳ್ಳುವ ಅಭ್ಯಾಸ ನನಗೆ ಅಂಟಿದ್ದು ಆಗ. ಶಾಲೆಯಲ್ಲಿ ಕೈ ಎತ್ತಿ ಉತ್ತರ ಹೇಳುವುದನ್ನು ಬಿಟ್ಟೆ. ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದೇ ಅವ್ವನನ್ನು ದಾರಿ ತಪ್ಪಿಸಿತ್ತು.

ಅವ್ವ ಪ್ರತಿ ಶುಕ್ರವಾರ ಎರಡು ದೀಪ ಹಚ್ಚುವುದನ್ನು ಬಿಡಲಿಲ್ಲ. ವರ್ಷಕ್ಕೊಮ್ಮೆ ಶಾಲನ್ನು ಬಿಸಿಲಿಗೆ ಹಾಕಿ, ಒಣಗುವವರೆಗೂ ಕೋಲು ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳು. ಆಮೇಲೆ ಬೇವಿನ ಎಲೆ ಹಾಕಿ ಮಡಿಚಿಡುತ್ತಿದ್ದಳು. ತಿಳಿದವರು ಸಿಕ್ಕರೆ ಕೇಳುತ್ತಿದ್ದಳು. ಹಿರಿಯೂರಿನ ಚರ್ಚಿನವರನ್ನು ಕೇಳಿದಳು, ಮಠದ ಸ್ವಾಮಿಗಳನ್ನು ಕೇಳಿದಳು. ಎಲ್ಲರೂ ದೇವರಿಗೆ ಭಕ್ತಿ ಮುಖ್ಯ, ಬಟ್ಟೆಯಲ್ಲ ಎಂದರು. ಬಟ್ಟೆ ನೇಯುವವಳಿಗೆ ಆ ಉತ್ತರ ಸಾಲುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಎಲ್ಲ ಕಡೆ ಒಂದೇ ಪದ್ಧತಿ ಇಲ್ಲವಂತೆ. ಕೆಲವರು ಕುಚ್ಚು ಕತ್ತರಿಸುತ್ತಾರೆ, ಕೆಲವರು ಗಂಟು ಬಿಚ್ಚುತ್ತಾರೆ, ಕೆಲವು ಊರುಗಳಲ್ಲಿ ಶಾಲನ್ನು ಗುಂಡಿಯವರೆಗೆ ಹೊದಿಸಿ ಮಣ್ಣು ಹಾಕುವ ಮೊದಲು ತೆಗೆದುಬಿಡುತ್ತಾರೆ. ಅವ್ವನಿಗೆ ಹಗುರವಾಗಬಹುದು ಎಂದು ನಾನು ಜವನಗೊಂಡನಹಳ್ಳಿಗೆ ಹೋಗಿ ಇದನ್ನು ಹೇಳಿದೆ. ಅವಳು ಮಗ್ಗದ ಗುಂಡಿಯ ಅಂಚಿ‌ನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನೇಯುವುದು ನಿಂತು ಬಹಳ ಕಾಲವಾಗಿತ್ತು, ಕೂರುವ ಜಾಗ ಮಾತ್ರ ಅದೇ.

"ಹಂಗಾರೆ ಇಷ್ಟು ವರ್ಷ ನಾನು ಸಂಕಟಪಟ್ಟಿದ್ದು ಯಾತಕ್ಕೆ?"

ಗುಂಡಿಯಿಂದ ಕಾಲು ಮೇಲೆತ್ತಿಕೊಂಡು ಅವಳೇ ಹೇಳಿದಳು.

"ಬ್ಯಾಡ ಬಿಡು. ಅವ್ರ ಅಣ್ಣ ಹೇಳಿದ್ದೇ ಇರಲಿ. ಅವ್ರ ಮನೇದು ಅದು. ಫೋನಿಂದು ಯಾರ ಮನೇದೋ."

ಅದೇ ದಿನ ಅವಳು ಇನ್ನೊಂದು ಮಾತು ಹೇಳಿದಳು. ನಾನು ಸತ್ತರೆ ಅದನ್ನು ನನ್ನ ಮೇಲೆ ಹಾಕಬೇಡ, ಅವರಿಗೇ ಹಾಕದವಳು ನಾನು ಎಂದಳು. ಮತ್ತೆ ಏನು ಮಾಡಲಿ ಎಂದೆ. ನನಗೇನು ಗೊತ್ತೇ, ನೀನು ಓದಿದವಳು ಎಂದಳು. ನಾನು ಓದಿದ್ದು ಹತ್ತನೇ ಕ್ಲಾಸು.

ಅವ್ವ ಹೋದ ದಿನ ನಾನಿರುವ ಹೊಸದುರ್ಗದಿಂದ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಆ ಶಾಲಿನ ಬಗ್ಗೆಯೇ. ಪೆಟ್ಟಿಗೆಯಿಂದ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡು ಹೊಲಕ್ಕೆ ಹೋದೆ. ಅಪ್ಪನ ಮಗ್ಗುಲಲ್ಲೇ ಗುಂಡಿ ತೋಡಿದ್ದರು. ಅವ್ವನಿಗೆ ಕಂಬಳಿ ಹೊದಿಸಿದರು. ಅದನ್ನು ಅಂಗಡಿಯಿಂದ ತಂದಿದ್ದರು, ನಮ್ಮ ಮನೆಯಲ್ಲಿ ನೇಯ್ದದ್ದು ಒಂದೂ ಉಳಿದಿರಲಿಲ್ಲ. ಎರಡು ಗುಂಡಿಗಳ ನಡುವಿನ ಮಣ್ಣು ಒಂದು ಮೊಳದಷ್ಟೂ ಇರಲಿಲ್ಲ. ಅಲ್ಲೇ ಇಟ್ಟುಬಿಡಲೇ ಅನ್ನಿಸಿತು. ಅದು ಅವ್ವನ ಮೇಲೆ ಹಾಕಿದ ಹಾಗಾಗುತ್ತದೋ, ಅಪ್ಪನ ಪಕ್ಕದಲ್ಲಿ ಇಟ್ಟ ಹಾಗಾಗುತ್ತದೋ, ಹೊದಿಸಿದ ಹಾಗಂತೂ ಆಗುವುದಿಲ್ಲ. ಯೋಚಿಸುತ್ತಾ ನಿಂತೆ. ಅಷ್ಟರಲ್ಲಿ ಹಿಡಿ ಮಣ್ಣು ಹಾಕು ಬಾ ಎಂದು ಕರೆದರು. ಎರಡೂ ಕೈಯಿಂದ ಮಣ್ಣು ಹಾಕಬೇಕಿತ್ತು. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಮಣ್ಣು ಹಾಕಿದೆ.

ಸಿಸಿತ್ ಈಗ ನನ್ನ ಮನೆಯಲ್ಲಿದೆ. ಮೂರು ಮೂಲೆಗಳಲ್ಲಿ ಅಪ್ಪ ಮುತ್ತಿಡುತ್ತಿದ್ದ ಕುಚ್ಚುಗಳಿವೆ, ಹಳದಿಯಾಗಿವೆ. ನಾಲ್ಕನೇ ಮೂಲೆಯಲ್ಲಿ ತೂತು ಇದೆ. ನಾನು ಅದಕ್ಕೆ ಏನನ್ನೂ ಕಟ್ಟಿಲ್ಲ. ಅಪ್ಪ ಕಂಬಳಿ ಹೊದ್ದು ಮಲಗಿದ್ದಾನೆ. ಅವನ ಮೈಮೇಲೆ ಇದು ಇಲ್ಲ.